ಮಲಗುವ ಕೋಣೆಯ ಪಕ್ಕದ ಪೈಪು

ಅಪಾರ್ಟ್‌ಮೆಂಟ್ ಕಟ್ಟಿಸುವವರು ಅಡುಗೆಮನೆಯ ಗ್ರಾನೈಟ್ ಆರಿಸಲು ವಾರಗಟ್ಟಲೆ ಅಂಗಡಿ ಅಂಗಡಿ ಅಲೆಯುತ್ತಾರೆ. ಕೊಳಚೆ ಪೈಪಿನ ಮಾತು ಬಂದರೆ ಮಾತ್ರ ‘ಪಿವಿಸಿ ಹಾಕ್ಬಿಡಿ ಸಾರ್’ ಎಂದು ಮುಗಿಸುತ್ತಾರೆ. ಬೆಂಗಳೂರಿನಲ್ಲಿ ಪ್ಲಂಬಿಂಗ್ ಕೆಲಸ ಮಾಡಿಸುತ್ತ ಬಂದ ನಾನು ಈ ಮಾತನ್ನು ಸುಲಭಕ್ಕೆ ಒಪ್ಪುವುದಿಲ್ಲ. ಬಹುಮಹಡಿ ಕಟ್ಟಡದಲ್ಲಿ ಮಲಗುವ ಕೋಣೆಗೆ ಅಂಟಿಕೊಂಡ ಡಕ್ಟಿನಲ್ಲಿ ಇಳಿಯುವ ಪೈಪು ಬೀಡು ಕಬ್ಬಿಣದ್ದೇ ಆಗಬೇಕು.

ಇದನ್ನು ನನಗೆ ಮನದಟ್ಟು ಮಾಡಿಸಿದವರು ಎರಡನೇ ಮಹಡಿಯ ಒಬ್ಬ ವಯಸ್ಸಾದ ತಾಯಿ. ಸೋರಿಕೆ ನೋಡಲು ಹೋಗಿದ್ದೆ. ‘ಅದು ಆಮೇಲಾಗಲಿ, ಮೊದಲು ಇಲ್ಲಿ ಕೂತ್ಕೋಪ್ಪ. ಮೇಲಿನ ಮನೆಯವರು ರಾತ್ರಿ ಎಷ್ಟು ಸಲ ಎದ್ದರು ಅಂತ ನಾನು ಲೆಕ್ಕ ಕೊಡ್ತೀನಿ’ ಎಂದು ಮಂಚದ ತಲೆದೆಸೆಯ ಗೋಡೆ ತೋರಿಸಿದರು. ಮೇಲೆ ಯಾರೋ ಫ್ಲಶ್ ಒತ್ತಿದರು. ನೀರು ಇಳಿದು ಬೆಂಡಿಗೆ ಬಡಿದ ಸದ್ದು ಕೋಣೆಯೊಳಗೇ ಆದಂತೆ ಕೇಳಿತು. ತೆಳು ಪಿವಿಸಿ ನೀರಿನ ಹೊಡೆತಕ್ಕೆ ನಡುಗುತ್ತದೆ, ಆ ನಡುಕವೇ ಸದ್ದು. 100 ಮಿ.ಮೀ. ವ್ಯಾಸದ, 3 ಮೀಟರ್ ಉದ್ದದ ಬೀಡು ಕಬ್ಬಿಣದ ಪೈಪು ಸುಮಾರು 25 ಕಿಲೋ ತೂಗುತ್ತದೆ. ಅದೇ ಅಳತೆಯ ಪಿವಿಸಿಯನ್ನು ಹುಡುಗನೊಬ್ಬ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುತ್ತಾನೆ. ಸದ್ದನ್ನು ಅಡಗಿಸುವುದು ಆ ತೂಕವೇ. ಆದರೆ ಕ್ಲ್ಯಾಂಪಿನೊಳಗೆ ರಬ್ಬರ್ ಇರಬೇಕು, ಇಲ್ಲದಿದ್ದರೆ ಸದ್ದು ಕ್ಲ್ಯಾಂಪಿನ ಮೂಲಕ ಗೋಡೆಗೆ ದಾಟುತ್ತದೆ.

ಸದ್ದಿಗಿಂತ ನನ್ನನ್ನು ಹೆಚ್ಚು ಕಾಡುವುದು ಬೆಂಕಿ. ಕೊಳಚೆ ಪೈಪು ಹಾದುಹೋಗಲು ಪ್ರತಿ ಸ್ಲ್ಯಾಬಿನಲ್ಲೂ ತೂತು ಇರುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಪಿವಿಸಿ ಮೆತ್ತಗಾಗುತ್ತದೆ. ಬೆಂಕಿ ತಗುಲಿ ಪೈಪು ಕುಸಿದರೆ ಉಳಿಯುವುದು ಬರೀ ತೂತು. ಹೊಗೆಗೆ ಮೇಲಿನ ಮನೆಗೆ ನೇರ ದಾರಿ. ಬೀಡು ಕಬ್ಬಿಣ ಕರಗಲು 1,100 ಡಿಗ್ರಿಗೂ ಮೀರಿದ ಶಾಖ ಬೇಕು. ಜಾಯಿಂಟಿನ ರಬ್ಬರ್ ಸುಟ್ಟರೂ ಪೈಪು ತೂತನ್ನು ತುಂಬಿಕೊಂಡು ನಿಲ್ಲುತ್ತದೆ. ಪ್ಲಾಸ್ಟಿಕ್ ಪೈಪಿಗೆ ಹಾಕುವ ಫೈರ್ ಕಾಲರ್ ಎಂಬುದಿದೆ, ಶಾಖಕ್ಕೆ ಉಬ್ಬಿ ತೂತು ಮುಚ್ಚುತ್ತದೆ. ನಾನು ಕಂಡ ಸೈಟುಗಳಲ್ಲಿ ಅದು ಡ್ರಾಯಿಂಗಿನಲ್ಲಿ ಇರುತ್ತಿತ್ತು, ಸ್ಲ್ಯಾಬಿನಲ್ಲಿ ಅಪರೂಪ.

ಬಿಸಿಗೆ ಹಿಗ್ಗುವುದು ಇನ್ನೊಂದು ತಾಪತ್ರಯ. 40 ಡಿಗ್ರಿ ವ್ಯತ್ಯಾಸಕ್ಕೆ 3 ಮೀಟರಿನ ಪಿವಿಸಿ ಸುಮಾರು 7 ಮಿ.ಮೀ. ಬೆಳೆಯುತ್ತದೆ, ಬೀಡು ಕಬ್ಬಿಣ ಒಂದು ಚಿಲ್ಲರೆ ಮಿ.ಮೀ. ಮಾತ್ರ. ಕಾಂಕ್ರೀಟೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುವುದರಿಂದ ಎರಡೂ ಹೊಂದಿಕೊಂಡಿರುತ್ತವೆ. ಹೋಟೆಲಿನ ಅಡುಗೆಮನೆಯಿಂದ ಕುದಿಯುವ ಗಂಜಿನೀರು ಇಳಿಯುವ ಲೈನಿನಲ್ಲಿ ಇದರ ಬೆಲೆ ತಿಳಿಯುತ್ತದೆ.

ಹಳೆಯ ಮೇಸ್ತ್ರಿಗಳು ಜಾಯಿಂಟಿಗೆ ಸೆಣಬಿನ ಹುರಿ ತುರುಕಿ, ಕರಗಿದ ಸೀಸ ಹೊಯ್ದು, ಚಾಣದಿಂದ ಸುತ್ತಲೂ ಬಡಿದು ಕೂರಿಸುತ್ತಿದ್ದರು. ಈಗ ರಬ್ಬರ್ ಮತ್ತು ಸ್ಟೀಲ್ ಪಟ್ಟಿಯ ಕಪ್ಲಿಂಗ್ ಬಂದಿದೆ, ಸ್ಪ್ಯಾನರ್ ಇದ್ದರೆ ಸಾಕು. ಆದರೆ ಅವರಿಂದ ಕಲಿತ ಒಂದು ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಲಾರಿಯಿಂದ ಇಳಿಸಿದ ಪ್ರತಿ ಪೈಪನ್ನೂ ಎರಡು ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಪೈಪು ಗಂಟೆಯಂತೆ ‘ಠಣ್’ ಎನ್ನುತ್ತದೆ. ‘ದಪ್’ ಎಂದರೆ ಎಲ್ಲೋ ಸೀಳಿದೆ, ಕಣ್ಣಿಗೆ ಕಾಣದಿದ್ದರೂ ವಾಪಸ್ ಕಳಿಸಬೇಕು. ಬೀಡು ಕಬ್ಬಿಣ ಗಟ್ಟಿಯೇನೋ ಹೌದು, ಆದರೆ ಎತ್ತಿಹಾಕಿದರೆ ಬಿರಿಯುತ್ತದೆ.

ತುಕ್ಕಿನ ಭಯ ಸುಳ್ಳಲ್ಲ. ಬೇಸ್‌ಮೆಂಟಿನ ಸೂರಿಗೆ ತೂಗುಹಾಕಿದ ಅಡ್ಡ ಪೈಪಿಗೆ ಇಳಿಜಾರು ಸಾಲದೆ ಕೊಳಚೆ ನಿಂತರೆ ತಳ ಸವೆಯುತ್ತದೆ. ಟಾಯ್ಲೆಟ್ ತೊಳೆಯಲು ಆಸಿಡ್ ಸುರಿಯುವ ಅಭ್ಯಾಸ ಇನ್ನೂ ಕೆಟ್ಟದ್ದು, ಹೌಸ್‌ಕೀಪಿಂಗ್‌ನವರಿಗೆ ಇದನ್ನು ಮೊದಲೇ ಹೇಳಿಡುತ್ತೇನೆ. ಆಸಿಡ್ ಹರಿಯುವ ಲ್ಯಾಬಿನ ಲೈನಿಗೆ ಬೀಡು ಬೇಡವೆಂದು ನಾನೇ ಬರೆದುಕೊಡುತ್ತೇನೆ. ದುಡ್ಡಿನ ಚಿಂತೆ ಇರುವವರಿಗೆ ನನ್ನ ಸಲಹೆ: ಬಾತ್‌ರೂಮಿನೊಳಗಿನ ಸಣ್ಣ ಲೈನುಗಳು ಪಿವಿಸಿ ಇರಲಿ, ಮೇಲಿನಿಂದ ಕೆಳಗಿನವರೆಗೆ ಇಳಿಯುವ ಮುಖ್ಯ ಪೈಪಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ.