ಭವಿಷ್ಯದ ಇತಿಹಾಸ ಮತ್ತು ಪಾತ್ರಕಥನ: ಮಲೆನಾಡಿನ ಎರಡು ಕಾದಂಬರಿಗಳ ಹಿನ್ನೆಲೆಯಲ್ಲಿ

ವಿಜ್ಞಾನ ಕಥಾಸಾಹಿತ್ಯದ ಚರ್ಚೆಯಲ್ಲಿ ಎರಡು ಕಥನಕ್ರಮಗಳನ್ನು ಎದುರುಬದುರಾಗಿ ನಿಲ್ಲಿಸುವುದು ರೂಢಿಯಾಗಿದೆ. ಬರಲಿರುವ ಶತಮಾನಗಳಿಗೆ ಸುಸಂಬದ್ಧವಾದ ಚರಿತ್ರೆಯೊಂದನ್ನು ಕಲ್ಪಿಸುವುದು ಒಂದು ಕ್ರಮ; ವ್ಯಕ್ತಿಯೊಬ್ಬನ ಬದುಕನ್ನು ಹಿಡಿದು ಸಾಗುವುದು ಇನ್ನೊಂದು. ಅಮೆರಿಕದ ರಾಬರ್ಟ್ ಹೈನ್‌ಲೈನ್ ತನ್ನ ಕಥೆಗಳಿಗಾಗಿ ರಚಿಸಿಕೊಂಡ ಕಾಲಪಟ್ಟಿಯು 1941ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ‘ಭವಿಷ್ಯದ ಇತಿಹಾಸ’ ಎಂಬ ಹೆಸರು ಆ ಸುಮಾರಿಗೆ ನೆಲೆಗೊಂಡಿತು. ಐಸಾಕ್ ಅಸಿಮೋವನ ‘ಫೌಂಡೇಶನ್’ ಸರಣಿ ಇದರ ಪ್ರಸಿದ್ಧ ಮಾದರಿ. ಅಲ್ಲಿ ಹರಿ ಸೆಲ್ಡನ್‌ನ ಗಣಿತವು ಜನಸ್ತೋಮದ ನಡೆಯನ್ನು ಹೇಳಬಲ್ಲದೇ ಹೊರತು ಒಬ್ಬನ ನಡೆಯನ್ನಲ್ಲ. ಆ ಯೋಜನೆಯನ್ನು ಕದಡುವವನೂ ಲೆಕ್ಕಕ್ಕೆ ಸಿಗದ ಒಬ್ಬನೇ, ಮ್ಯೂಲ್. ಈ ಪ್ರಕಾರವು ತನ್ನ ಮಿತಿಯನ್ನು ತಾನೇ ಬಲ್ಲದು ಎನ್ನಬೇಕು.

ಕನ್ನಡದಲ್ಲಿ ಇಂತಹ ಕಲ್ಪಿತ ಭವಿಷ್ಯಗಳಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ವೀರವಸಂತರಾಯನ ಬರವನ್ನೂ ಕಲ್ಯಾಣದ ಪುನರುದಯವನ್ನೂ ಸಾರುವ ಕಾಲಜ್ಞಾನ ಕೃತಿಗಳು ಭವಿಷ್ಯತ್ಕಾಲದ ಕ್ರಿಯಾಪದದಲ್ಲಿ ಬರೆದ ಚರಿತ್ರೆಗಳೇ. ಅವುಗಳಲ್ಲಿ ಅರಸರು, ಪುರಗಳು, ಕೇಡುಗಳು ಬರುತ್ತವೆ. ಆ ಕೇಡನ್ನು ಮನೆಯೊಳಗೆ ಉಣ್ಣುವ ಸಾಮಾನ್ಯನ ಕಥೆ ಅವುಗಳ ಕಾಳಜಿಯಲ್ಲ. (ಇವನ್ನು ವಿಜ್ಞಾನ ಕಥೆಗಳೆಂದು ಕರೆಯುವ ಆತುರ ಬೇಡ, ಇಲ್ಲಿ ಪ್ರಸ್ತುತವಾದುದು ಕಥನದ ಭಂಗಿ ಮಾತ್ರ.)

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ವಿಂಗಡಣೆಯನ್ನೇ ಅಲುಗಿಸುತ್ತದೆ. ಅದರ ಕಾಲಮಾನವು ಯಾವ ಭವಿಷ್ಯದ ಇತಿಹಾಸಕ್ಕೂ ಕಡಿಮೆಯದಲ್ಲ: ಹಾರುವ ಓತಿಯ ಬೆನ್ನಿಗೆ ಲಕ್ಷಾಂತರ ವರ್ಷಗಳ ಜೀವವಿಕಾಸವಿದೆ. ಆದರೆ ಆ ಮಹಾಕಾಲಕ್ಕೆ ಪ್ರವೇಶದ್ವಾರ ಮಂದಣ್ಣ. ಅವನ ಜೇನು, ಮದುವೆಯ ತಾಪತ್ರಯ, ಕಳ್ಳಭಟ್ಟಿಯ ಪ್ರಕರಣ ಇವೆಲ್ಲ ಮೊದಲ ಓದಿಗೆ ವಿಜ್ಞಾನದ ವಸ್ತುವಿನಿಂದ ದೂರವಾದ ಹಾಸ್ಯಪ್ರಸಂಗಗಳಂತೆ ತೋರುತ್ತವೆ. ಹಾಗೆ ಓದಿದರೆ ಕೃತಿಯ ರಚನೆಯೇ ಕೈತಪ್ಪುತ್ತದೆ. ಓತಿಯನ್ನು ಕಂಡವನು ಮಂದಣ್ಣ. ಅವನು ಕಾಡಿನಲ್ಲಿ ಅಲೆಯದಿದ್ದರೆ ವಿಜ್ಞಾನಿಯ ಪಾಲಿಗೆ ಆ ಜೀವಿಯೇ ಇಲ್ಲ. ಆದ್ದರಿಂದ ಅವನ ಸಂಸಾರದ ಕಷ್ಟವನ್ನು ಸರಿಪಡಿಸುವುದೂ ಸಂಶೋಧನೆಯ ಭಾಗವೇ ಆಗುತ್ತದೆ. ಕೊನೆಯಲ್ಲಿ ಓತಿ ಎಲ್ಲರ ಕಣ್ಣೆದುರೇ ಕಣಿವೆಯತ್ತ ತೇಲಿಹೋಗುತ್ತದೆ. ಮಹಾಕಾಲವು ಪಾತ್ರಗಳಿಗೆ ಕಾಣಿಸಿಕೊಳ್ಳುತ್ತದೆ, ಕೈವಶವಾಗುವುದಿಲ್ಲ.

ಈ ಪ್ರಶ್ನೆ ಆನಂದಪುರ, ಸಾಗರ, ಹೊಸನಗರಗಳ ಸೀಮೆಯಲ್ಲಿ ಬರಿಯ ಕಾವ್ಯಮೀಮಾಂಸೆಯದಲ್ಲ. ಇಲ್ಲಿಯ ಶರಾವತಿ ಕಣಿವೆಗೆ ಭವಿಷ್ಯದ ಇತಿಹಾಸವೊಂದನ್ನು ನಿಜವಾಗಿಯೇ ಬರೆಯಲಾಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನೀರು ಬರುವ ಮೊದಲೇ ಆ ರೇಖೆಯು ಯಾವ ಗದ್ದೆ, ಯಾವ ಅಡಕೆ ತೋಟ ಉಳಿಯಬೇಕೆಂಬುದನ್ನು ನಿರ್ಧರಿಸಿತ್ತು. ನಾಡಿಗೆ ವಿದ್ಯುತ್ತು ಎಂಬ ಸಮಷ್ಟಿಯ ಲೆಕ್ಕ ಸುಳ್ಳಾಗಲಿಲ್ಲ. ಒಂದೊಂದು ಮನೆಯ ಬದುಕನ್ನು ಹೇಳುವ ಅಂಕಣ ಆ ಲೆಕ್ಕದಲ್ಲಿರಲಿಲ್ಲ.

ಸಾಗರದ ನಾ. ಡಿಸೋಜರ ‘ದ್ವೀಪ’ ವಿಜ್ಞಾನ ಕಾದಂಬರಿಯಲ್ಲ. ಆದರೂ ಅದನ್ನು ಇಲ್ಲಿ ಇಟ್ಟು ಓದುವುದು ಅಗತ್ಯವೆಂದು ತೋರುತ್ತದೆ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದ್ದ ಲೇಖಕರಿಗೆ ಯೋಜನೆಯ ಭಾಷೆ ಅಪರಿಚಿತವಾಗಿರಲಿಲ್ಲ. ಕಾದಂಬರಿ ಆ ಭಾಷೆಯನ್ನು ಬದಿಗಿಟ್ಟು, ಊರು ಬರಿದಾದ ಮೇಲೂ ಸೀತಾಪರ್ವತದಲ್ಲಿ ಉಳಿದ ಗಣಪಯ್ಯ, ನಾಗವೇಣಿಯರ ಮನೆಯೊಳಗೆ ನಿಲ್ಲುತ್ತದೆ. ನೆರವಿಗೆಂದು ಕೃಷ್ಣಯ್ಯ ಬಂದ ಮೇಲೆ ಗಣಪಯ್ಯನ ಮನಸ್ಸಿನಲ್ಲಿ ಏಳುವ ಅನುಮಾನವನ್ನು ಹೊರಗೆ ಏರುತ್ತಿರುವ ನೀರಿನಿಂದ ಬೇರ್ಪಡಿಸಿ ಓದಲಾಗದು. ಸುತ್ತಲೂ ನೀರು, ಒಳಗೆ ಮೂವರು, ಹೊರಡುವ ದಾರಿಯಿಲ್ಲ. ಅಣೆಕಟ್ಟಿನ ಯೋಜನೆಗೆ ಈ ಅನುಮಾನವನ್ನು ಮುಂಗಾಣುವ ದಾರಿ ಇರಲಿಲ್ಲ. ಸೆಲ್ಡನ್‌ನ ಗಣಿತಕ್ಕೂ ಅದು ಸಿಗುತ್ತಿರಲಿಲ್ಲ.