ರೈಟ್ ಫೀಲ್ಡಿಗೆ ಹೋದ ಮಗನಿಗೆ

ಚಿರಂಜೀವಿ ಮಗೂ,

ಈ ಸಲ ಬೇಸ್‌ಬಾಲ್ ಕೋಚ್ ನಿನ್ನನ್ನು ರೈಟ್ ಫೀಲ್ಡಿಗೆ ಹಾಕಿದರೆಂದು ನೀನು ಮುಖ ಸಣ್ಣ ಮಾಡಿಕೊಂಡು ಕೂತಿದ್ದೀಯೆಂದು ನಿನ್ನಪ್ಪ ಫೋನ್ ಮಾಡಿದಾಗ ಹೇಳಿದ. ಬೇಜಾರಾಗುವುದು ಸಹಜವೇ. ಬ್ಯಾಟರ್‌ಗಳಲ್ಲಿ ಬಲಗೈಯವರೇ ಹೆಚ್ಚು, ಅವರು ಬೀಸಿ ಹೊಡೆದ ಚೆಂಡು ಬಹುಮಟ್ಟಿಗೆ ಎಡಬದಿಗೆ ಹೋಗುತ್ತದೆ. ಹಾಗಾಗಿ ಮಕ್ಕಳ ತಂಡಗಳಲ್ಲಿ ಆಟ ಇನ್ನೂ ಕೈಗೆ ಹತ್ತದವರನ್ನು ಬಲಕ್ಕೆ ಕಳಿಸುವ ರೂಢಿ ಬೆಳೆದುಬಿಟ್ಟಿದೆ.

ದೊಡ್ಡವರ ಆಟದಲ್ಲಿ ಲೆಕ್ಕ ಬೇರೆ. ರೈಟ್ ಫೀಲ್ಡಿನಿಂದ ಮೂರನೇ ಬೇಸ್ ಬಹಳ ದೂರ. ಮೊದಲ ಬೇಸಿನಿಂದ ಹೊರಟವನು ಒಂದೇ ಉಸಿರಿಗೆ ಮೂರನೆಯದಕ್ಕೆ ಓಡದಂತೆ ತಡೆಯಬೇಕಾದವನು ಅಲ್ಲಿ ನಿಂತವನೇ. ಅದಕ್ಕೇ ತೋಳಿನಲ್ಲಿ ಹೆಚ್ಚು ಕಸುವಿರುವವನನ್ನು ಆ ಜಾಗಕ್ಕೆ ಆರಿಸುತ್ತಾರೆ. ಪಿಟ್ಸ್‌ಬರ್ಗ್‌ನ ರೊಬೆರ್ಟೊ ಕ್ಲೆಮೆಂಟೆ ಅಲ್ಲೇ ನಿಂತು 12 ಗೋಲ್ಡ್ ಗ್ಲವ್ ಪ್ರಶಸ್ತಿ ಗೆದ್ದರು. ಜಪಾನಿನಿಂದ ಸಿಯಾಟಲ್‌ಗೆ ಬಂದ ಇಚಿರೊ ಸುಜುಕಿ 2001ರ ಏಪ್ರಿಲ್‌ನಲ್ಲಿ, ಆಗಿನ್ನೂ ಅಮೆರಿಕದಲ್ಲಿ ಹೊಸಬರು, ಓಕ್ಲೆಂಡ್‌ನಲ್ಲಿ ರೈಟ್ ಫೀಲ್ಡಿನಿಂದ ನೇರವಾಗಿ ಮೂರನೇ ಬೇಸಿಗೆ ಎಸೆದು ಟೆರೆನ್ಸ್ ಲಾಂಗ್‌ರನ್ನು ಔಟ್ ಮಾಡಿದರು. ಆ ವಿಡಿಯೊ ಹುಡುಕಿ ನೋಡು. ನೀನು ನಿಲ್ಲುತ್ತಿರುವುದು ಅವರ ಜಾಗದಲ್ಲಿ.

ನಾನೂ ನಿನ್ನಪ್ಪನೂ ಕ್ರಿಕೆಟ್ ಆಡಿ ಬೆಳೆದವರು. ಅಲ್ಲಿ ಕ್ಯಾಚ್ ಹಿಡಿದರೆ ಕೆಲಸ ಮುಗಿಯಿತು, ಚೆಂಡು ಮೇಲೆಸೆದು ಕುಣಿಯಬಹುದು. ನಿನ್ನ ಆಟದಲ್ಲಿ ಅದು ಮೂರನೇ ಔಟ್ ಅಲ್ಲದಿದ್ದರೆ, ಚೆಂಡು ನಿನ್ನ ಗ್ಲವ್ ಮುಟ್ಟಿದೊಡನೆ ಬೇಸಿನ ಮೇಲೆ ಕಾದಿದ್ದವನು ಮುಂದಕ್ಕೆ ಓಡಬಹುದು. 1954ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ವಿಲ್ಲಿ ಮೇಸ್ ಹಿಡಿದ ಕ್ಯಾಚ್‌ನ ಚಿತ್ರ ನೀನು ನೋಡಿಯೇ ಇರುತ್ತೀಯ. ಎಂಟನೇ ಇನ್ನಿಂಗ್ಸ್, ಸ್ಕೋರು 2-2, ಎರಡು ಬೇಸಿನಲ್ಲಿ ಓಟಗಾರರು, ಒಬ್ಬರೂ ಔಟಾಗಿಲ್ಲ. ವಿಕ್ ವರ್ಟ್ಸ್ ಹೊಡೆದ ಚೆಂಡು ಪೋಲೊ ಗ್ರೌಂಡ್ಸ್‌ನ ಆ ವಿಪರೀತ ಆಳದ ಸೆಂಟರ್ ಫೀಲ್ಡಿಗೆ ಹಾರಿತು. ಮೇಸ್ ಬ್ಯಾಟರ್‌ಗೆ ಬೆನ್ನು ಹಾಕಿ ಓಡಿ ಭುಜದ ಮೇಲಿಂದ ಬಂದ ಚೆಂಡನ್ನು ಹಿಡಿದರು. ಜನ ನೆನೆಯುವುದು ಇಷ್ಟನ್ನೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು: ಹಿಡಿದ ರಭಸದಲ್ಲೇ ಗಿರ್ರನೆ ತಿರುಗಿ, ಟೋಪಿ ಬೀಳುತ್ತಿದ್ದರೂ ಲೆಕ್ಕಿಸದೆ ಎಸೆದದ್ದು. ಎರಡನೇ ಬೇಸಿನಲ್ಲಿದ್ದ ಲ್ಯಾರಿ ಡೋಬಿ ಮೂರನೆಯದಕ್ಕೇ ನಿಲ್ಲಬೇಕಾಯಿತು. ಆ ಇನ್ನಿಂಗ್ಸ್‌ನಲ್ಲಿ ರನ್ ಬರಲಿಲ್ಲ, ಹತ್ತನೆಯದರಲ್ಲಿ ಮೇಸ್‌ರ ತಂಡ ಜೈಂಟ್ಸ್ 5-2ರಿಂದ ಗೆದ್ದಿತು. ಚೆಂಡು ಕೈಗೆ ಬಂದರೆ ಎಲ್ಲಿಗೆ ಎಸೆಯಬೇಕೆಂಬುದನ್ನು ಪ್ರತಿ ಪಿಚ್‌ಗೂ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊ. ಚೆಂಡು ಗಾಳಿಯಲ್ಲಿರುವಾಗ ಯೋಚಿಸಲು ಪುರುಸೊತ್ತು ಸಿಗುವುದಿಲ್ಲ.

ನೇರವಾಗಿ ನಿನ್ನತ್ತಲೇ ಬರುವ ಚೆಂಡು ಎಲ್ಲಕ್ಕಿಂತ ಕಷ್ಟದ್ದು, ದೂರ ತಿಳಿಯುವುದೇ ಇಲ್ಲ. ಅನುಮಾನವಿದ್ದರೆ ಮೊದಲ ಹೆಜ್ಜೆ ಹಿಂದಕ್ಕಿಡು. ಮುಂದೆ ಬೀಳುವ ಚೆಂಡಿಗೆ ಆಮೇಲೂ ಓಡಿ ಬರಬಹುದು, ತಲೆ ದಾಟಿ ಹೋದದ್ದು ಬೇಲಿಯವರೆಗೂ ಉರುಳುತ್ತದೆ. ಹಿಂದಕ್ಕೆ ಹೋಗುವಾಗ ಹಿಮ್ಮುಖವಾಗಿ ತಡವರಿಸಬೇಡ, ಸೊಂಟ ತಿರುಗಿಸಿ ಓಡು. ಸೆಂಟರ್ ಫೀಲ್ಡರ್ ಚೆಂಡು ತನ್ನದೆಂದು ಕೂಗಿದರೆ ಬಿಟ್ಟುಕೊಡು, ಅದು ಅವನ ಹಕ್ಕು.

ಇನ್ನೊಂದು ವಿಷಯ, ನನಗೆ ತುಂಬಾ ಮುಖ್ಯವಾದದ್ದು. ಇನ್‌ಫೀಲ್ಡರ್ ಮೊದಲ ಬೇಸಿಗೆ ಎಸೆಯುವಾಗಲೆಲ್ಲ ನೀನು ಆ ಬೇಸಿನ ಹಿಂಬದಿಗೆ ಓಡಬೇಕು. ಎಸೆತ ತಪ್ಪಿದರೆ ತಡೆಯಲು ಅಲ್ಲಿ ಇನ್ನಾರೂ ಇರದಿರಬಹುದು. ಬಹಳಷ್ಟು ಸಲ ಎಸೆತ ತಪ್ಪುವುದಿಲ್ಲ, ನೀನು ಸುಮ್ಮನೆ ಓಡಿ ವಾಪಸು ಬರುತ್ತೀಯ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೂ ಪ್ರತಿ ಸಲ ಓಡು. ನಿನ್ನ ಕೋಚ್ ಅದನ್ನು ಗಮನಿಸದಿದ್ದರೂ ಪಿಚರ್ ಗಮನಿಸುತ್ತಾನೆ.

ಶನಿವಾರ ಅಪ್ಪನನ್ನು ಪಾರ್ಕಿಗೆ ಎಳೆದುಕೊಂಡು ಹೋಗು. ನಿನ್ನ ತಲೆಯ ಮೇಲಿಂದ ಹಾರುವಂತೆ ಚೆಂಡು ಎಸೆಯಲು ಹೇಳು, ಒಮ್ಮೆ ಎಡಭುಜದ ಕಡೆಗೆ, ಒಮ್ಮೆ ಬಲಕ್ಕೆ. ಅವನಿಗೆ ಭುಜ ನೋವು ಬಂದರೆ ನನಗೆ ಫೋನ್ ಮಾಡು, ಮುಂದಿನ ವಾರ ನಾನೇ ಬಂದು ಎಸೆಯುತ್ತೇನೆ.

ಇಂತು ನಿನ್ನ
ದೊಡ್ಡಪ್ಪ