ಕೋಣೆ ಕಾಯ್ದಿರಿಸುವ ಮುನ್ನ

ದಸರೆಗೆ ಮೈಸೂರು, ರಜೆಗೆ ಹಂಪಿ ಅಥವಾ ಮಡಿಕೇರಿ ಎಂದು ಹೊರಟವರು ಈಗ ಹೋಟೆಲ್ ಕೋಣೆಯನ್ನು ಮೊಬೈಲಿನಲ್ಲೇ ಕಾಯ್ದಿರಿಸುತ್ತಾರೆ. ಹಣ ಕಟ್ಟಲು ಸಾಮಾನ್ಯವಾಗಿ ಎರಡು ದಾರಿ: ಈಗಲೇ ಪೂರ್ತಿ ಕಟ್ಟುವುದು, ಇಲ್ಲವೇ ಹೋಟೆಲಿಗೆ ಹೋದಮೇಲೆ ಕೊಡುವುದು.

ಮುಂಗಡ ಕಟ್ಟಿದರೆ ದರ ಕೊಂಚ ಇಳಿಯುವುದುಂಟು. ಆದರೆ ಅಗ್ಗದ ದರಕ್ಕೆ ಎಷ್ಟೋ ಸಲ ‘ನಾನ್ ರಿಫಂಡಬಲ್’ ಷರತ್ತು ಇರುತ್ತದೆ. ಪ್ರಯಾಣ ರದ್ದಾದರೆ ಹಣ ಹೋದಂತೆಯೇ. ಹೊರಡುವುದು ಖಚಿತವಿಲ್ಲದಿದ್ದರೆ ‘ಫ್ರೀ ಕ್ಯಾನ್ಸಲೇಷನ್’ ಇರುವುದನ್ನೇ ಆರಿಸಿ, ಅದರ ಕೊನೆಯ ದಿನಾಂಕ, ಗಂಟೆಯನ್ನು ಬರೆದಿಟ್ಟುಕೊಳ್ಳಿ. ‘ಹೋಟೆಲಿನಲ್ಲೇ ಪಾವತಿ’ ಎಂದಿದ್ದರೂ ಕಾರ್ಡ್ ವಿವರ ಕೇಳಬಹುದು; ತಿಳಿಸದೆ ಹೋಗದಿದ್ದರೆ ಶುಲ್ಕ ಮುರಿದುಕೊಳ್ಳಬಹುದು.

ಮೊದಲು ಕಾಣುವ ದರಕ್ಕೆ ಮರುಳಾಗಬೇಡಿ. ತೆರಿಗೆ, ಸೇವಾಶುಲ್ಕ ಸೇರಿದ ಒಟ್ಟು ಮೊತ್ತ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲ್ಪಟ್ಟರೆ ಶೇ 18. ವಿದೇಶದ ಹೋಟೆಲಿನಲ್ಲಿ ಕಾರ್ಡ್ ಕೊಟ್ಟಾಗ ರೂಪಾಯಿಯಲ್ಲೋ ಅಲ್ಲಿನ ಹಣದಲ್ಲೋ ಎಂದು ಕೇಳಿದರೆ ಅಲ್ಲಿನ ಹಣವೆಂದೇ ಹೇಳಿ. ರೂಪಾಯಿ ಲೆಕ್ಕ ಸಾಮಾನ್ಯವಾಗಿ ದುಬಾರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಬುಕಿಂಗ್ ಮಾಡಿದ ತಾಣದ ಒಳಗೇ ಹಣ ಕಟ್ಟಿ. ‘ಬುಕಿಂಗ್ ಉಳಿಯಬೇಕಾದರೆ ಈ ಲಿಂಕ್ ಒತ್ತಿ’ ಎಂದು ವಾಟ್ಸ್‌ಆ್ಯಪ್ ಸಂದೇಶ ಬಂದರೆ ಒತ್ತದೆ, ಹೋಟೆಲಿಗೇ ಕರೆಮಾಡಿ ವಿಚಾರಿಸಿ. ಹಣ ವಾಪಸು ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕೇಳಿದವರು ಮೋಸಗಾರರೇ. ಹಣ ಕಳೆದುಕೊಂಡರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.